ಮುಧೋಳದ ಗದಾಯುದ್ಧದಿಂದ ಬನಹಟ್ಟಿಯ ‘ಸ್ಟ್ರೀಟ್ ಫೈಟರ್’ ಕ್ಯಾಸೆಟ್‌ವರೆಗೆ

ಭಾಗ 1/10
ಫೋಟೋ: ಅಂಗೈ ಮ್ಯಾಲೆ ಹಳದಿ ಬಣ್ಣದ ಒಂದು ವಿಡಿಯೋ ಗೇಮ್ ಕ್ಯಾಸೆಟ್

ದೋಸ್ತರೇ, ಈ ಕ್ಯಾಸೆಟ್ ಸಿಕ್ಕಿದ್ದು ಬನಹಟ್ಟಿಯ ನಮ್ಮ ಕಾಕಾನ ಮನಿ ಅಟ್ಟದ ಮ್ಯಾಲೆ. ದೀಪಾವಳಿಗೆ ಮನಿ ಸ್ವಚ್ಛ ಮಾಡುವಾಗ ಹಳೇ ಕಂಡಿಕಿ ಡಬ್ಬಿ, ಒಡೆದ ಲಾಟೀನು, ಅದರ ನಡುವೆ ಇದು. ಲೇಬಲ್ ಅರ್ಧ ಹರಿದಿದೆ. ಉಳಿದ ಅರ್ಧದಲ್ಲಿ ಒಬ್ಬ ಕೆಂಪು ಪಟ್ಟಿ ಕಟ್ಟಿದವ ಗುದ್ದಲು ನಿಂತಿದ್ದಾನೆ, ಪಕ್ಕದಲ್ಲಿ ‘3’ ಅಂತ ಅಂಕಿ.

"ಇದು ಸ್ಟ್ರೀಟ್ ಫೈಟರ್ ಮೂರು. ನಾ ಏಳನೇ ಕ್ಲಾಸ್‌ನಾಗ ಇದ್ದಾಗ ಆಡಿದ್ದು" ಅಂದ ಕಾಕಾ. ಅಂದರೆ ಸುಮಾರು 1995ರ ಮಾತು. ಆಗಿನ್ನೂ ನಮ್ಮದು ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ.

ನಾನು ಹುಡುಕಿ ನೋಡಿದೆ. ತಲೆ ತಿರುಗಿತು. ಕ್ಯಾಪ್‌ಕಾಮ್ ಕಂಪನಿ ಅಸಲಿ ‘ಸ್ಟ್ರೀಟ್ ಫೈಟರ್ 3’ ಬಿಟ್ಟಿದ್ದೇ 1997ರಲ್ಲಿ, ಅದೂ ಜಪಾನಿನ ದೊಡ್ಡ ಆರ್ಕೇಡ್ ಯಂತ್ರಗಳಿಗೆ. ಇಂಥ ಕ್ಯಾಸೆಟ್‌ಗೆ ಅದು ಯಾವತ್ತೂ ಬರಲೇ ಇಲ್ಲ. ಹಂಗಾದ್ರೆ ನಮ್ಮ ಕಾಕಾ ಎರಡು ವರ್ಷ ಮೊದಲೇ ಬನಹಟ್ಟಿಯಲ್ಲಿ ಕೂತು ಆಡಿದ್ದು ಏನು?

ಕಾಲೇಜಿನ ಸೆಮಿನಾರಿಗೆ ಇದೇ ವಿಷಯ ತಗೋತೀನಿ ಅಂದೆ. "ಗೇಮ್ ಆಡೋದು ಇತಿಹಾಸ ಹೆಂಗಾಗ್ತದ? ಬೇರೆ ವಿಷಯ ತಗೊಂಡು ಬಾ" ಅಂತ ಉತ್ತರ ಬಂತು. ಬೇರೆ ವಿಷಯ ತಗೊಂಡೆ, ಮಾರ್ಕ್ಸೂ ಬಂತು. ಆದರೆ ಈ ಕ್ಯಾಸೆಟ್ ಟೇಬಲ್ ಮ್ಯಾಲೆ ಕೂತು ನನ್ನನ್ನೇ ನೋಡ್ತಿತ್ತು. ಅದಕ್ಕೇ ಈ ಸರಣಿ. ಹತ್ತು ಭಾಗ. ಸಾವಕಾಶ ಓದ್ರಿ.

ಭಾಗ 2/10
ಫೋಟೋ: ಮುಧೋಳಕ್ಕೆ ಹೋಗುವ ರಸ್ತೆ, ಎರಡೂ ಕಡೆ ಕಬ್ಬು

ಜಪಾನಿಗೆ ಹೋಗುವ ಮೊದಲು ಮುಧೋಳಕ್ಕೆ ಹೋಗೋಣ.

‘ಸ್ಪಿನ್-ಆಫ್’ ಅಂದರೆ ಏನು? ಒಂದು ದೊಡ್ಡ ಕಥೆ ಇರ್ತದೆ. ಅದರೊಳಗಿನ ಒಂದು ಪಾತ್ರವನ್ನೋ ಒಂದು ಘಟನೆಯನ್ನೋ ಎತ್ತಿಕೊಂಡು ಬೇರೆಯದೇ ಒಂದು ಕೃತಿ ಮಾಡೋದು. ಇದು ಗೇಮ್ ಕಂಪನಿಗಳು ಕಂಡುಹಿಡಿದಿದ್ದು ಅಂದ್ಕೊಂಡಿದ್ರೆ ತಪ್ಪು.

ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ, ಅಂದರೆ ಇವತ್ತಿನ ನಮ್ಮ ಮುಧೋಳದಲ್ಲಿ. ಬಳೆಗಾರರ ಮನೆತನ. ಅವನಿಗಿಂತ ಮೊದಲೇ, 941ರ ಸುಮಾರಿಗೆ, ಪಂಪ ಇಡೀ ಮಹಾಭಾರತವನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದ. ಹದಿನಾಲ್ಕು ಆಶ್ವಾಸ. ಹೀರೋ ಅರ್ಜುನ. ಪಂಪ ತನ್ನ ರಾಜ ಅರಿಕೇಸರಿಯನ್ನೇ ಆ ಅರ್ಜುನನಲ್ಲಿ ಕಂಡ.

ರನ್ನ ಏನು ಮಾಡಿದ? ಪೂರ್ತಿ ಭಾರತವನ್ನು ಮತ್ತೊಮ್ಮೆ ಬರೆಯಲು ಹೋಗಲಿಲ್ಲ. ಪಂಪನಲ್ಲಿ ಹದಿಮೂರನೇ ಆಶ್ವಾಸದಲ್ಲಿ ಬರುವ ಒಂದು ಫೈಟ್ ತಗೊಂಡ. ಭೀಮ ಮತ್ತು ದುರ್ಯೋಧನ, ಒಬ್ಬರಿಗೆ ಒಬ್ಬರು, ಗದೆ. ಅದನ್ನೇ ಹತ್ತು ಆಶ್ವಾಸಗಳ ಕಾವ್ಯ ಮಾಡಿದ. ಹೀರೋನನ್ನೂ ಬದಲಿಸಿದ: ಅರ್ಜುನ ಅಲ್ಲ, ಭೀಮ. ರಾಜನೂ ಬೇರೆ: ಚಾಲುಕ್ಯರ ಸತ್ಯಾಶ್ರಯ. ಹಿಂದಿನ ಕಥೆಯನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹೇಳಿದ, ಅದಕ್ಕೆ ಸಿಂಹಾವಲೋಕನ ಅಂತಾರೆ. ಅದೇ ‘ಸಾಹಸಭೀಮವಿಜಯ’, ನಾವು ಕರೆಯೋದು ‘ಗದಾಯುದ್ಧ’ ಅಂತ.

ನೆನಪಿಡಬೇಕಾದ ಒಂದು ಮಾತು. ಗದಾಯುದ್ಧಕ್ಕೆ ಒಂದು ನಿಯಮ ಇತ್ತು: ಹೊಕ್ಕಳಿನ ಕೆಳಗೆ ಹೊಡೀಬಾರದು. ಭೀಮ ತೊಡೆಗೆ ಹೊಡೆದ. ಗೆದ್ದ. ಗೆದ್ದದ್ದು ಸರಿನೋ ಮೋಸನೋ ಅಂತ ಸಾವಿರ ವರ್ಷದಿಂದ ಜಗಳ ನಡೆದಿದೆ. ಈ ಜಗಳ ಹತ್ತನೇ ಭಾಗದಲ್ಲಿ ನಮ್ಮ ಮನಿಗೇ ಬರ್ತದೆ.

ಭಾಗ 3/10
ಫೋಟೋ: ನಾನೇ ಬಿಡಿಸಿದ ಚಿತ್ರ, ಎರಡು ದಪ್ಪ ಬಟನ್ ಇರುವ ಆರ್ಕೇಡ್ ಯಂತ್ರ

1987. ಜಪಾನಿನ ಒಸಾಕಾ. ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್’ ಬಿಟ್ಟಿತು. ನಿರ್ದೇಶಕ ತಕಾಶಿ ನಿಶಿಯಾಮಾ, ಜೊತೆಗೆ ಹಿರೋಶಿ ಮತ್ಸುಮೊಟೊ.

ಮೊದಲ ಯಂತ್ರದ ಐಡಿಯಾ ಮಜಾ ಇತ್ತು. ಗುದ್ದಕ್ಕೆ ಒಂದು, ಒದೆಗೆ ಒಂದು, ಎರಡು ದೊಡ್ಡ ರಬ್ಬರ್ ಬಟನ್. ಎಷ್ಟು ಜೋರಾಗಿ ಕುಟ್ಟುತ್ತೀರೋ ಅಷ್ಟು ಜೋರಾಗಿ ಸ್ಕ್ರೀನ್ ಮೇಲಿನವ ಹೊಡೀತಾನೆ. ಪರಿಣಾಮ ಊಹಿಸ್ರಿ. ಜನ ಮೈಮೇಲೆ ದೇವರು ಬಂದವರ ಹಂಗೆ ಕುಟ್ಟಿದರು. ಕೈ ನೋವು, ಯಂತ್ರಕ್ಕೂ ಪೆಟ್ಟು. ಆಮೇಲೆ ಅದನ್ನು ತೆಗೆದು ಆರು ಸಣ್ಣ ಬಟನ್ ಹಾಕಿದರು: ಮೂರು ಗುದ್ದು, ಮೂರು ಒದೆ, ಮೆಲ್ಲಗೆ, ಸಾಧಾರಣ, ಜೋರು. ಇವತ್ತಿಗೂ ಸ್ಟ್ರೀಟ್ ಫೈಟರ್ ಅಂದರೆ ಆರು ಬಟನ್. ಅಂದರೆ ಕುಟ್ಟುವವರ ಕಾಟಕ್ಕೆ ಮಾಡಿದ ರಿಪೇರಿಯೇ ಮುಂದೆ ಪದ್ಧತಿ ಆಯಿತು.

ಆ ಗೇಮ್ ಮುಂದೆ ಬಂದ ಎರಡನೆಯದರಷ್ಟು ಓಡಲಿಲ್ಲ. ಆದರೆ ಅದನ್ನು ಮಾಡಿದ ಇಬ್ಬರನ್ನೂ ಪಕ್ಕದ ಕಂಪನಿ ಎಸ್‌ಎನ್‌ಕೆ ಎಳಕೊಂಡು ಹೋಯಿತು. ಅಲ್ಲಿ ಅವರು 1991ರಲ್ಲಿ ‘ಫೇಟಲ್ ಫ್ಯೂರಿ’ ಮಾಡಿದರು. ಆ ಕಥೆಯೊಳಗೆ ನಡೆಯುವ ಟೂರ್ನಮೆಂಟಿನ ಹೆಸರು ‘ಕಿಂಗ್ ಆಫ್ ಫೈಟರ್ಸ್’. ಕೇಳಿದ ಹೆಸರು ಅನಿಸ್ತಾ? ಹೌದು, ಅದೇ.

ಒಂದೇ ಮನಿಯಿಂದ ಒಡೆದು ಎರಡು ಮನಿ. ನಮ್ಮ ಕಡೆ ಅಣ್ತಮ್ಮರು ಪಾಲಾದ್ರೆ ನಡುವೆ ಗೋಡೆ ಎಬ್ಬಿಸ್ತಾರಲ್ಲ, ಹಂಗೆ. ಗೋಡೆ ಆಚೆ ಈಚೆ ಅಡುಗಿ ವಾಸನಿ ಮಾತ್ರ ಒಂದೇ.

ಭಾಗ 4/10
ಫೋಟೋ: ಜಮಖಂಡಿ ಪೇಟೆಯಲ್ಲಿ ಶಟರ್ ಎಳೆದ ಒಂದು ಅಂಗಡಿ

ನಿಮ್ಮ ಅಪ್ಪನನ್ನೋ ಮಾಮಾನನ್ನೋ ಕೇಳ್ರಿ, "ಮುಸ್ತಫಾ ಗೇಮ್ ಆಡಿರೇನು?" ಅಂತ. ಅರ್ಧ ಮಂದಿ ಮುಖ ಅರಳ್ತದೆ.

ಅದರ ನಿಜ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. 1993, ಕ್ಯಾಪ್‌ಕಾಮ್. ಒಂದು ಅಮೆರಿಕನ್ ಕಾಮಿಕ್ ಮೇಲೆ ಮಾಡಿದ ಗೇಮ್. ನಾಲ್ಕು ಹೀರೋಗಳಲ್ಲಿ ಹಳದಿ ಟೋಪಿ ಹಾಕಿದವನ ಹೆಸರು ಮುಸ್ತಫಾ. ಇಂಗ್ಲಿಷ್ ಹೆಸರು ಬಾಯಿಗೆ ಹತ್ತಲಿಲ್ಲ, ಮುಸ್ತಫಾ ಹತ್ತಿದ. ದೇಶದ ತುಂಬ ಪಾರ್ಲರ್‌ಗಳಲ್ಲಿ ಗೇಮಿಗೇ ಅವನ ಹೆಸರು ಬಿತ್ತು. ಆ ಗೇಮ್ ಮನೆಯ ಯಂತ್ರಗಳಿಗೆ ಬರಲೇ ಇಲ್ಲ. ಆಡಬೇಕಂದ್ರೆ ಪಾರ್ಲರಿಗೇ ಹೋಗಬೇಕಿತ್ತು.

ಅದರ ಬೇರು ಹುಡುಕಿದರೆ ಮತ್ತೆ ಸ್ಟ್ರೀಟ್ ಫೈಟರ್ ಹತ್ತಿರವೇ ಹೋಗ್ತೀವಿ. 1989ರಲ್ಲಿ ಕ್ಯಾಪ್‌ಕಾಮ್ ಒಂದು ಹೊಸ ಗೇಮ್ ತೋರಿಸಿತು. ಹೆಸರು ‘ಸ್ಟ್ರೀಟ್ ಫೈಟರ್ ’89’. ಆದರೆ ಇದರಲ್ಲಿ ಒಬ್ಬರಿಗೊಬ್ಬರು ಹೊಡೆದಾಡೋದಿಲ್ಲ. ಬೀದಿಯಲ್ಲಿ ಮುಂದೆ ಮುಂದೆ ನಡೆಯುತ್ತ ಗೂಂಡಾಗಳನ್ನು ಬಡೀತಾ ಹೋಗಬೇಕು. ಇದು ಸ್ಟ್ರೀಟ್ ಫೈಟರ್ ಹೆಂಗಾಗ್ತದೆ ಅಂತ ಮಾತು ಬಂತು. ಹೆಸರು ಬದಲಾಗಿ ‘ಫೈನಲ್ ಫೈಟ್’ ಆಯಿತು. ಅದೇ ದಾರಿಯಲ್ಲಿ ಕ್ಯಾಪ್‌ಕಾಮ್ ಸಾಲು ಸಾಲು ಗೇಮ್ ಮಾಡಿತು, ಮುಸ್ತಫಾ ಅದರ ತಮ್ಮ.

ಹೆಸರು ಕಳಕೊಂಡು ಮನಿ ಬಿಟ್ಟು ಹೋದ ಈ ಮಗನ ಮಕ್ಕಳು ಆಮೇಲೆ ವಾಪಸ್ ಬಂದರು. ಫೈನಲ್ ಫೈಟ್‌ನ ಗೈ 1995ರ ‘ಸ್ಟ್ರೀಟ್ ಫೈಟರ್ ಆಲ್ಫಾ’ದಲ್ಲಿ ಬಂದ. ಕೋಡಿ 1998ರ ‘ಆಲ್ಫಾ 3’ರಲ್ಲಿ ಕೈಗೆ ಬೇಡಿ ಹಾಕ್ಕೊಂಡೇ ಬಂದ.

ಫೋಟೋದಲ್ಲಿರುವ ಶಟರ್ ಬಗ್ಗೆ: ಅಲ್ಲಿ ಒಂದು ಕಾಲಕ್ಕೆ ಗೇಮ್ ಪಾರ್ಲರ್ ಇತ್ತು ಅಂತ ಅಕ್ಕಪಕ್ಕದವರು ಹೇಳಿದರು. ಬೋರ್ಡಿಲ್ಲ, ಫೋಟೋ ಇಲ್ಲ.

ಭಾಗ 5/10
ಫೋಟೋ: ಕಾಕಾನ ಹಳೇ ನೋಟ್‌ಬುಕ್ ಹಿಂದಿನ ಪುಟ, ಬಾಣದ ಗುರುತುಗಳು

1991. ‘ಸ್ಟ್ರೀಟ್ ಫೈಟರ್ 2’. ಇಲ್ಲಿಂದ ಲೋಕವೇ ಬದಲಾಯಿತು.

ಅಕಿರಾ ನಿಶಿತಾನಿ, ಅಕಿರಾ ಯಸುದಾ, ಇಬ್ಬರು ಅಕಿರಾಗಳು ಸೇರಿ ವಿನ್ಯಾಸ ಮಾಡಿದ್ದು. ಮೊದಲ ಗೇಮ್‌ನಲ್ಲಿ ಆಡೋರಿಗೆ ರಿಯು, ಕೆನ್ ಇಬ್ಬರೇ. ಇದರಲ್ಲಿ ಎಂಟು ಮಂದಿ, ರಿಯು-ಕೆನ್ ಜೋಡಿ ಬಿಟ್ಟರೆ ಎಲ್ಲರೂ ಬೇರೆ ಬೇರೆ. ಜಪಾನಿನ ಸುಮೋ ಪೈಲ್ವಾನ, ರಷ್ಯಾದ ಕುಸ್ತಿಪಟು, ಚೀನಾದ ಪೊಲೀಸ್ ಹುಡುಗಿ ಚುನ್-ಲಿ. ಅವರ ಮೇಲೆ ನಾಲ್ಕು ಬಾಸ್.

ಗೆಲುವಿನ ಗುಟ್ಟು ಒಂದು ತಪ್ಪಿನಲ್ಲಿತ್ತು. ನಡುವೆ ಒಂದು ಕಾರು ಒಡೆಯುವ ಬೋನಸ್ ಸ್ಟೇಜ್ ಇದೆ. ಅದನ್ನು ಪರೀಕ್ಷೆ ಮಾಡುವಾಗ ನಿರ್ಮಾಪಕ ನೊರಿತಾಕಾ ಫುನಾಮಿಝು ಒಂದು ವಿಚಿತ್ರ ನೋಡಿದರು. ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ಒಂದು ಹೊಡೆತದ ಬಾಲಕ್ಕೆ ಇನ್ನೊಂದು ಹೊಡೆತ ಅಂಟ್ಕೊಂಡು ಬರ್ತದೆ, ಎದುರಾಳಿಗೆ ತಡೆಯಲು ಸಂದೇ ಇಲ್ಲ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಹೊತ್ತು ಹಿಡಿಯೋದು ಬಹಳ ಕಷ್ಟ, ಯಾರಿಗೂ ಆಗೋದಿಲ್ಲ ಅಂತ ಹಂಗೇ ಬಿಟ್ಟರು. ಜನಕ್ಕೆ ಆಯಿತು! ಅದೇ ‘ಕಾಂಬೋ’. ಇವತ್ತು ಕಾಂಬೋ ಇಲ್ಲದ ಫೈಟಿಂಗ್ ಗೇಮೇ ಇಲ್ಲ ಅನ್ನಬಹುದು.

ನಮ್ಮ ದೇಶದವನೂ ಇದ್ದ: ಧಾಲ್ಸಿಮ್. ಕೈಕಾಲು ರಬ್ಬರಿನಂಗೆ ಉದ್ದ ಆಗೋ ಯೋಗಿ, ಬಾಯಿಂದ ಬೆಂಕಿ, ಕೊರಳಲ್ಲಿ ಬುರುಡೆ ಮಾಲೆ, ಹಿಂದೆ ಆನೆಗಳ ಸಾಲು. ಜಪಾನಿನವರ ಕಣ್ಣಲ್ಲಿ ಭಾರತ ಅಂದರೆ ಇದು. ನಗು ಬರ್ತದೆ, ಸ್ವಲ್ಪ ಸಿಟ್ಟೂ ಬರ್ತದೆ. ಆದರೆ ಅವನು ಫೈಟ್ ಮಾಡೋದು ತನ್ನ ಬಡ ಊರಿನ ಮಂದಿಗೆ ರೊಕ್ಕ ಕೂಡಿಸಲಿಕ್ಕೆ. ಉಳಿದವರು ಸೇಡು, ಹೆಸರು ಅಂತ ಓಡಾಡುವಾಗ ಇವನೊಬ್ಬ ಊರಿಗಾಗಿ ದುಡಿಯಾಕ ಬಂದವ. ಇದನ್ನು ಕಾಕಾಗೆ ಹೇಳಿದೆ. "ಹಂಗಂದ್ರ ಅವನೂ ನಮ್ಮಂಗ ಇಚಲಕರಂಜಿಗೆ ಹೋದವನ" ಅಂದ.

ಫೋಟೋದ ಬಾಣಗಳು: ಕೆಳಗೆ, ಓರೆ, ಮುಂದೆ, ಗುದ್ದು. ಗಣಿತದ ನೋಟ್‌ಬುಕ್ಕಿನ ಹಿಂದೆ ಬರ್ಕೊಂಡಿದ್ದು. ಆ ವರ್ಷ ಗಣಿತದಲ್ಲಿ ಎಷ್ಟು ಬಂದಿತ್ತು ಅಂತ ಕಾಕಾ ಹೇಳ್ತಿಲ್ಲ.

ಭಾಗ 6/10
ಫೋಟೋ: ರಬಕವಿಯ ಒಂದು ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ

ಒಂದು ಸೀರೆ ಡಿಸೈನ್ ಪೇಟೆಯಲ್ಲಿ ಓಡಿದರೆ ಏನಾಗ್ತದೆ ಅಂತ ರಬಕವಿ-ಬನಹಟ್ಟಿಯವರಿಗೆ ಹೇಳಿಕೊಡಬೇಕಿಲ್ಲ. ಮುಂದಿನ ವಾರ ಪಕ್ಕದ ಓಣಿಯಲ್ಲಿ ಅದೇ ಡಿಸೈನ್, ಅಂಚು ಮಾತ್ರ ಬೇರೆ, ದರ ಕಮ್ಮಿ.

ಸ್ಟ್ರೀಟ್ ಫೈಟರ್ 2ಕ್ಕೂ ಹಂಗೇ ಆಯಿತು. 1992ರಲ್ಲಿ ಕ್ಯಾಪ್‌ಕಾಮ್ ತಾನೇ ‘ಚಾಂಪಿಯನ್ ಎಡಿಶನ್’ ಬಿಟ್ಟು, ನಾಲ್ಕು ಬಾಸ್‌ಗಳನ್ನೂ ಆಡಲು ಕೊಟ್ಟಿತು. ಅಷ್ಟರಲ್ಲೇ ತೈವಾನಿನಿಂದ ಬಂದ ಕಳ್ಳ ಬೋರ್ಡ್‌ಗಳು ಆರ್ಕೇಡ್‌ಗಳಿಗೆ ನುಗ್ಗಿದವು. ಅದರಲ್ಲಿ ಹೆಸರಾದದ್ದು ‘ರೇನ್‌ಬೋ ಎಡಿಶನ್’. ಅದರಲ್ಲಿ ಎಲ್ಲಾ ಹುಚ್ಚುಚ್ಚಾಟ: ಗಾಳಿಯಲ್ಲಿ ಹಾರುತ್ತಲೇ ಬೆಂಕಿ ಚೆಂಡು ಬಿಡಬಹುದು, ಆಟದ ನಡುವೆ ಪಾತ್ರ ಬದಲಿಸಬಹುದು, ವೇಗವೋ ವಿಪರೀತ.

ಜನಕ್ಕೆ ಅದು ಹಿಡಿಸಿತು. ಅಸಲಿ ಗೇಮ್ ಅದರ ಮುಂದೆ ಎತ್ತಿನ ಬಂಡಿ ಅನಿಸಿತು. ಕ್ಯಾಪ್‌ಕಾಮಿನ ಅಮೆರಿಕದ ಕಚೇರಿಯಲ್ಲಿದ್ದ ಜೇಮ್ಸ್ ಗೊಡಾರ್ಡ್ ಇದನ್ನು ನೋಡಿ, ನಾವೂ ವೇಗ ಹೆಚ್ಚಿಸಲೇಬೇಕು ಅಂತ ಪಟ್ಟು ಹಿಡಿದರು. 1992ರ ಕೊನೆಗೆ ‘ಹೈಪರ್ ಫೈಟಿಂಗ್’ ಬಂತು. ವೇಗ ಜಾಸ್ತಿ, ಕೆಲವರಿಗೆ ಗಾಳಿಯಲ್ಲೇ ಕೆಲವು ಹೊಡೆತ.

ವಿಚಾರ ಮಾಡ್ರಿ. ನಕಲು ಅಸಲಿಯನ್ನು ತಿದ್ದಿತು. ಇವತ್ತು ನೀವು ಆಡುವ ಫೈಟಿಂಗ್ ಗೇಮ್‌ಗಳ ಆ ವೇಗದಲ್ಲಿ ಹೆಸರಿಲ್ಲದ ಯಾರೋ ಕಳ್ಳ ಪ್ರೋಗ್ರಾಮರ್‌ಗಳ ಪಾಲೂ ಇದೆ. ಕಳ್ಳತನ ಸರಿ ಅಂತ ನಾನು ಹೇಳ್ತಿಲ್ಲ. ಡಿಸೈನ್ ಕದ್ದರೆ ನೇಕಾರನ ಹೊಟ್ಟೆಗೆ ಬೀಳೋ ಪೆಟ್ಟು ಎಂಥಾದ್ದು ಅಂತ ನಮ್ಮನಿಯಲ್ಲೇ ನೋಡೀನಿ. ಆದರೆ ಇತಿಹಾಸ ಬರೆಯುವಾಗ ಅಸಲಿಯ ಹೆಸರು ಮಾತ್ರ ಬರೆದು ನಕಲನ್ನು ಬಿಟ್ಟರೆ ಲೆಕ್ಕ ಹೊಂದೋದಿಲ್ಲ.

ಭಾಗ 7/10
ಫೋಟೋ: ಕ್ಯಾಸೆಟ್ ಒಳಗಿನ ಹಸಿರು ಬೋರ್ಡ್

ಈಗ ನಮ್ಮ ಕ್ಯಾಸೆಟ್.

1983ರಲ್ಲಿ ನಿಂಟೆಂಡೋ ಜಪಾನಿನಲ್ಲಿ ‘ಫ್ಯಾಮಿಕಾಮ್’ ಎಂಬ ಮನೆ ಯಂತ್ರ ಬಿಟ್ಟಿತು. ಅದರ ತದ್ರೂಪಿ ಯಂತ್ರಗಳು ತೊಂಬತ್ತರ ದಶಕದಲ್ಲಿ ಭಾರತದ ಪೇಟೆ ತುಂಬಿದವು. ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಅಂತೆಲ್ಲ ಹೆಸರು. ಟಿವಿಗೆ ವೈರ್ ಚುಚ್ಚಿ, ಚಾನೆಲ್ ತಿರುವಿ ತಿರುವಿ ಚಿತ್ರ ಹಿಡೀಬೇಕು. ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಇರ್ತಿತ್ತು, ಒಳಗೆ ನೋಡಿದರೆ ಅವೇ ಹತ್ತಿಪ್ಪತ್ತು ಗೇಮ್ ತಿರುಗಾ ಮುರುಗಾ. ನಮ್ಮ ಕಡೆಯವರಿಗೆ ನಿಂಟೆಂಡೋ ಹೆಸರು ಗೊತ್ತಿರಲಿಲ್ಲ. ‘ಟಿವಿ ಗೇಮ್’ ಅಷ್ಟೇ.

ಕ್ಯಾಪ್‌ಕಾಮ್ ಸ್ಟ್ರೀಟ್ ಫೈಟರ್ 2ನ್ನು ಈ ಯಂತ್ರಕ್ಕೆ ಮಾಡಲೇ ಇಲ್ಲ. ಅದರ ಮುಂದಿನ ತಲೆಮಾರಿನ ನಿಂಟೆಂಡೋ ಯಂತ್ರಕ್ಕೆ 1992ರಲ್ಲಿ ಮಾಡಿತು, 63 ಲಕ್ಷ ಪ್ರತಿ ಮಾರಿತು. ಹಳೇ ಯಂತ್ರ ಇಟ್ಟುಕೊಂಡ ನಮ್ಮಂಥ ದೇಶಗಳಿಗೆ ಆ ಗೇಮ್ ಇಲ್ಲ. ಆದರೆ ಆಸೆ ಇತ್ತಲ್ಲ! ಆ ಆಸೆಗೆ ಲೈಸೆನ್ಸ್ ಇಲ್ಲದ ಸಣ್ಣ ಸಣ್ಣ ತಂಡಗಳು ಕೈ ಹಾಕಿದವು. ದೊಡ್ಡ ಆರ್ಕೇಡ್ ಗೇಮನ್ನು ಈ ಪುಟ್ಟ ಯಂತ್ರಕ್ಕೆ ಹೊಂದುವಂಗೆ ಮೊದಲಿನಿಂದ ಹೊಸದಾಗಿ ಬರೆದವು. ಎಂಟು ಮಂದಿ ಬದಲು ಕೆಲವೇ ಮಂದಿ. ಆರು ಬಟನ್ ಬದಲು ಎರಡು. ಹೆಸರೂ ಅವರಿಷ್ಟ: ಅಸಲಿ ಮೂರು ಹುಟ್ಟುವ ಮೊದಲೇ ಇವರ ‘3’ ಪೇಟೆಗೆ ಬಂದಿತ್ತು. ಒಂದರಲ್ಲಂತೂ ಮಾರಿಯೋನನ್ನೇ ತಂದು ಫೈಟರ್ ಮಾಡಿ, ಹೆಸರಿನ ಕೊನೆ ಅಕ್ಷರ ಕತ್ತರಿಸಿ ‘ಮಾರಿ’ ಅಂತ ಇಟ್ಟರು. ನಮ್ಮೂರಲ್ಲಿ ಆ ಹೆಸರು ಕೇಳಿದ್ರೆ ಜನ ಕೈ ಮುಗಿದಿರೋರು.

ಕಾಕಾ ಆಡಿದ್ದು ಈ ಜಾತಿಯದು. ಯಾವ ಫ್ರಾಂಚೈಸಿಯ ಪಟ್ಟಿಯಲ್ಲೂ ಇಲ್ಲದ, ಅಪ್ಪ-ಅವ್ವ ಒಪ್ಪದ ಸ್ಪಿನ್-ಆಫ್.

ಯಂತ್ರ ಕಾಕಾನದಲ್ಲ. ಓಣಿಯ ಒಂದು ಮನಿಯವರು ಪಡಸಾಲಿಯಲ್ಲಿ ಇಟ್ಟು ತಾಸಿಗಿಷ್ಟು ಅಂತ ಆಡಿಸ್ತಿದ್ರು. ಹುಡುಗರು ಸಾಲಿ ಬಿಟ್ಟ ಮ್ಯಾಲೆ ಮಗ್ಗಕ್ಕೆ ಕಂಡಿಕಿ ಸುತ್ತಿ, ಬಂದ ಪುಡಿಗಾಸು ಅಲ್ಲಿ ಹಾಕೋರು. ಹೊರಗೆ ಪವರ್‌ಲೂಮ್ ಖಟಖಟ, ಒಳಗೆ ಬಟನ್ ಖಟಖಟ. "ಎರಡೂ ಒಂದs ತಾಳ ಇತ್ತ ನೋಡ" ಅಂತಾನ ಕಾಕಾ. "ಕರೆಂಟ್ ಹೋದ್ರ ಎರಡೂ ಒಮ್ಮೆಗೇ ಬಂದ್."

ಭಾಗ 8/10
ಫೋಟೋ: ಜಾತ್ರೆಯ ಕುಸ್ತಿ ಕಣ, ಕೆಂಪು ಮಣ್ಣು

ನಮ್ಮ ಕಡೆ ಫೈಟ್ ಅಂದರೆ ಮೊದಲು ನೆನಪಾಗೋದು ಕುಸ್ತಿ. ಗರಡಿ ಮನಿ, ಎಣ್ಣಿ ಹಾಕಿ ಹದ ಮಾಡಿದ ಕೆಂಪು ಮಣ್ಣು, ಜಾತ್ರೆಗೆ ಜಂಗಿ ನಿಕಾಲಿ ಕುಸ್ತಿ. ನಿಕಾಲಿ ಅಂದರೆ ಫಲಿತಾಂಶ ಬರೋವರೆಗೂ ಬಿಡೋದಿಲ್ಲ. ಗೇಮ್‌ನಲ್ಲಿದ್ದಂಗೆ 99 ಸೆಕೆಂಡಿನ ಗಡಿಯಾರ ಇಲ್ಲ. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರ ಕಾಲದಲ್ಲಿ, 1912ರಲ್ಲಿ, ಖಾಸಬಾಗ್ ಮೈದಾನ ಆಯಿತು. ಇವತ್ತಿಗೂ ನಮ್ಮ ಭಾಗದ ಪೈಲ್ವಾನರ ಬಾಯಲ್ಲಿ ಆ ಹೆಸರಿಗೆ ಬೇರೆಯೇ ತೂಕ.

ಸ್ಟ್ರೀಟ್ ಫೈಟರ್‌ನಲ್ಲಿ ಯೋಗಿ ಇದ್ದ, ನಮ್ಮ ಪೈಲ್ವಾನ ಇರಲಿಲ್ಲ. ಅವನು ಬಂದಿದ್ದು ಒಂದು ಸ್ಪಿನ್-ಆಫ್‌ನಲ್ಲಿ.

ಐದನೇ ಭಾಗದ ಅಕಿರಾ ನಿಶಿತಾನಿ ನೆನಪಿದ್ದಾರಲ್ಲ? ಅವರು ಕ್ಯಾಪ್‌ಕಾಮ್ ಬಿಟ್ಟು ಸ್ವಂತ ಕಂಪನಿ ಮಾಡಿದರು. ಹೆಸರು ‘ಅರಿಕಾ’. ಅಕಿರಾ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಹಿಂದಿನಿಂದ ಓದಿದರೆ ಅರಿಕಾ! 1996ರಲ್ಲಿ ಕ್ಯಾಪ್‌ಕಾಮ್ ಜೊತೆ ಸೇರಿ ಅವರು ‘ಸ್ಟ್ರೀಟ್ ಫೈಟರ್ ಇಎಕ್ಸ್’ ಮಾಡಿದರು. ಚಪ್ಪಟೆ ಚಿತ್ರದ ಬದಲು 3ಡಿ ಗೊಂಬೆಗಳು. ರಿಯು, ಕೆನ್ ಜೊತೆ ಅರಿಕಾದವರೇ ಹುಟ್ಟಿಸಿದ ಹೊಸ ಮುಖಗಳು. ಅವರಲ್ಲೊಬ್ಬ ದಾರುನ್ ಮಿಸ್ಟರ್, ಭಾರತದ ಕುಸ್ತಿಪಟು. ಹಿಡಿಯೋದು, ಎತ್ತೋದು, ನೆಲಕ್ಕೆ ಹಾಕೋದು. ಅವನ ಒಂದು ಡಾವಿನ ಹೆಸರು ‘ಬ್ರಹ್ಮ ಬಾಂಬ್’.

ಇಎಕ್ಸ್ ಸರಣಿ 2000ದ ‘ಇಎಕ್ಸ್ 3’ಕ್ಕೆ ನಿಂತಿತು. ಆಮೇಲೆ ದಾರುನ್ ಎಲ್ಲಿ ಹೋದ? ಮುಖ್ಯ ಸರಣಿಯ ಯಾವ ಗೇಮ್‌ಗೂ ಬರಲಿಲ್ಲ. ಕಾರಣ: ರಿಯು ಕ್ಯಾಪ್‌ಕಾಮಿನವ, ದಾರುನ್ ಅರಿಕಾದವ. ಒಂದೇ ಕಣದಲ್ಲಿ ಆಡಿದ ಇಬ್ಬರಿಗೂ ಮಾಲಕರು ಬೇರೆ ಬೇರೆ. ಪಾಲಾದಾಗ ಅವರವರು ತಮ್ಮ ತಮ್ಮ ಪೈಲ್ವಾನರನ್ನು ಕರಕೊಂಡು ಮನಿಗೆ ಹೋದರು. ಕಡೆಗೆ 2018ರಲ್ಲಿ ಅರಿಕಾ ‘ಫೈಟಿಂಗ್ ಇಎಕ್ಸ್ ಲೇಯರ್’ ಬಿಟ್ಟಿತು. ರಿಯು ಇಲ್ಲ, ಕೆನ್ ಇಲ್ಲ, ಹೆಸರಿನಲ್ಲಿ ‘ಸ್ಟ್ರೀಟ್’ ಇಲ್ಲ. ದಾರುನ್ ಇದ್ದಾನೆ.

ಪೈಲ್ವಾನ ಯಾರ ಪರವಾಗಿ ಕುಸ್ತಿ ಹಿಡೀತಾನೋ ಅವರ ಹೆಸರು ದೊಡ್ಡದಾಗ್ತದೆ. ಇದು ಸಂಸ್ಥಾನದ ಕಾಲದ್ದೂ ಹೌದು, ಕಂಪನಿ ಕಾಲದ್ದೂ ಹೌದು. ರನ್ನನ ಭೀಮನೊಳಗೆ ಸತ್ಯಾಶ್ರಯ ಕೂತಿರಲಿಲ್ಲವೇ?

ಭಾಗ 9/10
ಫೋಟೋ: ಗೀರು ಬಿದ್ದ ಒಂದು ಸಿಡಿ

ಉಳಿದದ್ದನ್ನು ಬೇಗ ಹೇಳ್ತೀನಿ.

1994ರಲ್ಲಿ ಎಸ್‌ಎನ್‌ಕೆ ತನ್ನ ‘ಫೇಟಲ್ ಫ್ಯೂರಿ’ ಮತ್ತು ‘ಆರ್ಟ್ ಆಫ್ ಫೈಟಿಂಗ್’ ಎರಡೂ ಗೇಮಿನವರನ್ನು ಒಂದೇ ಕಣಕ್ಕೆ ತಂದು, ಮೂರು ಮೂರು ಮಂದಿಯ ತಂಡ ಮಾಡಿ ‘ಕಿಂಗ್ ಆಫ್ ಫೈಟರ್ಸ್’ ಮಾಡಿತು. ಸ್ಪಿನ್-ಆಫ್ ಆಗಿ ಹುಟ್ಟಿದ್ದು ತನ್ನ ತಾಯಿ-ತಂದೆ ಗೇಮ್‌ಗಳಿಗಿಂತ ದೊಡ್ಡದಾಯಿತು. ಅದರ ’97ನೇ ಇಸವಿಯ ಆವೃತ್ತಿ ಭಾರತದ ಪಾರ್ಲರ್‌ಗಳಲ್ಲಿ ಎಷ್ಟು ವರ್ಷ ಓಡಿತು ಅಂದರೆ, ನಮ್ಮ ಅಣ್ಣಂದಿರ ವಯಸ್ಸಿನವರಿಗೂ ಅದರ ಹಾಡು ಬಾಯಿಪಾಠ.

ಕ್ಯಾಪ್‌ಕಾಮ್ ಸುಮ್ಮನೆ ಕೂರಲಿಲ್ಲ. 1996ರಲ್ಲಿ ‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’, 1998ರಲ್ಲಿ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’. ನಡುವೆ ಇದೇ ಫೈಟರ್‌ಗಳನ್ನು ಗಿಡ್ಡ ಗೊಂಬೆ ಮಾಡಿ ಬಣ್ಣದ ಹರಳು ಜೋಡಿಸುವ ‘ಪಝಲ್ ಫೈಟರ್’ ಕೂಡ.

ಇನ್ನು ‘ಟೆಕ್ಕೆನ್ 3’. ನಾಮ್ಕೊ ಕಂಪನಿಯದು, 1997ರಲ್ಲಿ ಆರ್ಕೇಡ್, 1998ರಲ್ಲಿ ಪ್ಲೇಸ್ಟೇಷನ್. ನಮ್ಮ ಕಡೆ ಅದು ಬಂದಿದ್ದು ಕಂಪ್ಯೂಟರ್ ಮೇಲೆ, ಎಮ್ಯುಲೇಟರ್ ಹಾಕಿದ ಸಿಡಿಯಲ್ಲಿ. ಟೈಪಿಂಗ್ ಕಲಿಯಾಕ ಅಂತ ಹೋಗಿ ಒಂದೇ ಕೀಬೋರ್ಡ್ ಮೇಲೆ ಇಬ್ಬರು ನಾಲ್ಕು ಕೈ ಹಾಕಿ ಕುಟ್ಟಿದ್ದು ಯಾರ್‍ಯಾರು, ಕಮೆಂಟಲ್ಲಿ ಕೈ ಎತ್ರಿ. ಅದರೊಳಗೇ ‘ಟೆಕ್ಕೆನ್ ಫೋರ್ಸ್’ ಅಂತ ಬೀದಿ ಕಾಳಗದ ಆಟ, ‘ಟೆಕ್ಕೆನ್ ಬಾಲ್’ ಅಂತ ಚೆಂಡಾಟ. ಸ್ಪಿನ್-ಆಫ್ ಗೇಮಿನ ಹೊಟ್ಟೆಯೊಳಗೇ ಇತ್ತು! ಮುಂದೆ 2012ರಲ್ಲಿ ಸ್ಟ್ರೀಟ್ ಫೈಟರ್, ಟೆಕ್ಕೆನ್ ಎರಡೂ ಮನಿಯವರು ಒಂದೇ ಗೇಮ್‌ನಲ್ಲಿ ಬಂದರು.

ಇನ್ನೊಂದು ಸುತ್ತು ಪೂರ್ತಿ ಆಗಬೇಕು. ಮೂರನೇ ಭಾಗದ ನಿಶಿಯಾಮಾ, ಮೊದಲ ಸ್ಟ್ರೀಟ್ ಫೈಟರ್ ಮಾಡಿ ಎಸ್‌ಎನ್‌ಕೆಗೆ ಹೋದವರು, 2000ದಲ್ಲಿ ‘ಡಿಂಪ್ಸ್’ ಎಂಬ ಕಂಪನಿ ಕಟ್ಟಿದರು. ಸ್ಟ್ರೀಟ್ ಫೈಟರ್ ಸರಣಿ ಹೆಚ್ಚುಕಮ್ಮಿ ಮಲಗಿದ್ದಾಗ ಕ್ಯಾಪ್‌ಕಾಮ್ 2008ರಲ್ಲಿ ‘ಸ್ಟ್ರೀಟ್ ಫೈಟರ್ 4’ ಮಾಡಿ ಅದನ್ನು ಎಬ್ಬಿಸಿತು. ಜೊತೆಗೆ ಕೈ ಹಾಕಿದ ಕಂಪನಿ ಯಾವುದು? ಡಿಂಪ್ಸ್. ಇಪ್ಪತ್ತೊಂದು ವರ್ಷದ ಮೇಲೆ, ಬಿಟ್ಟು ಹೋದ ಮನಿ ಕೆಲಸಕ್ಕೇ ಅವರು ವಾಪಸ್ ಬಂದರು.

ಭಾಗ 10/10
ಫೋಟೋ: ಕಾಕಾನ ಕೈ, ಕ್ಯಾಸೆಟ್, ಒಂದು ರಬ್ಬರ್

ಕಡೆಯದು. ಕಾಕಾನ ಒಪ್ಪಿಗೆ ತಗೊಂಡೇ ಬರೀತಿದ್ದೀನಿ.

ಕಾಕಾನಿಗೆ ಒಬ್ಬ ದೋಸ್ತ್ ಇದ್ದ. ಇಬ್ಬರೂ ಒಂದೇ ಓಣಿ, ಒಂದೇ ಬೆಂಚ್. ಒಂದಿನ ಇಬ್ಬರೂ ವಾರದ ಕಂಡಿಕಿ ರೊಕ್ಕ ಪಣಕ್ಕಿಟ್ಟರು. ಇಪ್ಪತ್ತು ರೂಪಾಯಿ. ದೋಸ್ತ್ ಚಲೋ ಆಡೋನು, ಕಾಕಾ ಅಷ್ಟಕ್ಕಷ್ಟೇ. ಆದರೆ ಆ ನಕಲಿ ಗೇಮ್‌ನಲ್ಲಿ ಒಂದು ದೋಷ ಇತ್ತು. ಎದುರಿನವನನ್ನು ಮೂಲೆಗೆ ತಳ್ಳಿ, ಕೂತು, ಕಾಲಿಗೆ ಒದೀತಾನೇ ಇದ್ದರೆ ಅವನಿಗೆ ಏಳಲಿಕ್ಕೇ ಆಗ್ತಿರಲಿಲ್ಲ. ಕಾಕಾ ಅದನ್ನೇ ಮಾಡಿದ. ಕೆಳಗೆ ಒದೆ, ಕೆಳಗೆ ಒದೆ, ಕೆಳಗೆ ಒದೆ. ಗೆದ್ದ.

"ಮೋಸ" ಅಂದ ದೋಸ್ತ್. "ಗೇಮ್‌ನಾಗ ಐತಿ, ನಾ ಮಾಡೀನಿ, ಮೋಸ ಹೆಂಗಾಗ್ತದ?" ಅಂದ ಕಾಕಾ. ರೊಕ್ಕ ತಗೊಂಡ. ದೋಸ್ತನ ಮನಿಯಲ್ಲಿ ಆ ಇಪ್ಪತ್ತು ರೂಪಾಯಿಗೆ ಲೆಕ್ಕ ಕೇಳಿದರು, ಹೊಡೆದರು. ಮುಂದೆ ಅವನಪ್ಪ ಅವನ ಸಾಲಿ ಬಿಡಿಸಿ ಇಚಲಕರಂಜಿಗೆ ಲೂಮ್ ಕೆಲಸಕ್ಕೆ ಕರಕೊಂಡು ಹೋದ. ಅದಕ್ಕೂ ಈ ಜಗಳಕ್ಕೂ ಸಂಬಂಧ ಇಲ್ಲ, ಮನಿ ಅಡಚಣಿ ಇತ್ತು. ಆದರೆ ಕಾಕಾನ ತಲೆಯಲ್ಲಿ ಮಾತ್ರ ಎರಡೂ ಒಂದಕ್ಕೊಂದು ಗಂಟು ಬಿದ್ದಾವೆ. ಆಮೇಲೆ ಇಬ್ಬರೂ ಮಾತಾಡಿಲ್ಲ. ಆ ಮನಿಯವರು ಟಿವಿ ಗೇಮ್ ಮಾರುವಾಗ ಈ ಕ್ಯಾಸೆಟ್ ಮಾತ್ರ ಕಾಕಾ ಕೊಂಡುಕೊಂಡ. ಆಡಲಿಕ್ಕೆ ಯಂತ್ರವೇ ಇಲ್ಲದವ ಕ್ಯಾಸೆಟ್ ಯಾಕೆ ತಗೊಂಡ ಅಂತ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ಈಗ ತಿಳೀತು.

ಸೆಮಿನಾರಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಗೇಮ್ ಆಡೋದು ಇತಿಹಾಸ ಹೆಂಗಾಗ್ತದೆ? ಹೊಕ್ಕಳಿನ ಕೆಳಗೆ ಹೊಡೆದು ಗೆದ್ದವನ ಬಗ್ಗೆ ಮುಧೋಳದ ಒಬ್ಬ ಹತ್ತು ಆಶ್ವಾಸ ಬರೆದರೆ ಅದು ಸಾಹಿತ್ಯ ಚರಿತ್ರೆ ಆಗ್ತದೆ. ಬನಹಟ್ಟಿಯ ಪಡಸಾಲಿಯಲ್ಲಿ ಇಬ್ಬರು ಹುಡುಗರು ಅದೇ ಪ್ರಶ್ನೆಗೆ ದೋಸ್ತಿ ಕಳಕೊಂಡರೆ ಅದನ್ನು ಯಾರಾದರೂ ಒಂದು ಸಾಲು ಬರೆದಿಡಬೇಕು.

ಬರೆದಿಡೋಕೆ ಹೊತ್ತು ಕಮ್ಮಿ ಇದೆ. ನಮ್ಮ ಕ್ಲಾಸಿನ ಬೀಳಗಿ ಕಡೆಯ ಗೆಳತಿ ಹೇಳಿದಳು: ಅವರಪ್ಪ ಗೇಮ್ ಆಡಿದ ಅಂಗಡಿ ಹಳೇ ಊರಲ್ಲಿತ್ತು, ಆ ಊರು ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಅಂಗಡಿ ಎಲ್ಲಿತ್ತು ಅಂತ ಕೇಳಿದರೆ ಅವರಪ್ಪ ನೀರಿನ ಕಡೆ ಬೆರಳು ತೋರಿಸ್ತಾರಂತೆ. ಕಂಪನಿಗಳ ಇತಿಹಾಸ ಕಂಪನಿಗಳು ಬರ್ಕೊಳ್ತಾವೆ. ಈ ಪಡಸಾಲಿ, ಈ ಶಟರ್, ಈ ನೀರು, ಇವುಗಳದ್ದು ನಾವೇ ಬರೀಬೇಕು.

ಅದಕ್ಕೆ ಒಂದು ಕೆಲಸ ಮಾಡ್ರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಿಮ್ಮೂರು ಯಾವುದೇ ಇರಲಿ. ಮನಿಯಲ್ಲಿ ಹಿರಿಯರನ್ನು ಮೂರು ಮಾತು ಕೇಳ್ರಿ: ಎಲ್ಲಿ ಆಡಿದ್ರಿ, ಯಾರ ಜೋಡಿ ಆಡಿದ್ರಿ, ರೊಕ್ಕ ಎಲ್ಲಿಂದ ತಂದ್ರಿ. ಹಳೇ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಫೋಟೋ ತೆಗೀರಿ. ನನಗೆ ಕಳಿಸ್ರಿ, ಹೆಸರು ಬೇಡ ಅಂದ್ರೆ ಹಾಕೋದಿಲ್ಲ.

ಮೊದಲ ಭಾಗ ಹಾಕಿದ ದಿನ ಕ್ಯಾಸೆಟ್ ಫೋಟೋವನ್ನು ಯಾರ್‍ಯಾರದೋ ಕಡೆಯಿಂದ ನಂಬರ್ ಹುಡುಕಿ ಇಚಲಕರಂಜಿಗೂ ಕಳಿಸಿದ್ದೆ. ನಾಲ್ಕು ದಿನ ಉತ್ತರ ಇಲ್ಲ. ನಿನ್ನೆ ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಲೂಮಿನ ಸದ್ದು. ಒಂದೇ ಮಾತು: "ನಿಮ್ಮ ಕಾಕಾಗ ಹೇಳು, ಇಪ್ಪತ್ತು ರೂಪಾಯಿ ತಗದಿಡಂತ."

ಕಾಕಾ ಅದನ್ನು ಮೂರು ಸಲ ಕೇಳಿದ. ಏನೂ ಅನ್ನಲಿಲ್ಲ. ಎದ್ದು ಹೋಗಿ ನನ್ನ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತಗೊಂಡು ಕ್ಯಾಸೆಟ್ಟಿನ ಪಿನ್ ಉಜ್ಜಾಕ ಕೂತ. ಈಗ ಇದು ಹಾಕಲಿಕ್ಕೆ ಒಂದು ಹಳೇ ಟಿವಿ ಗೇಮ್ ಯಂತ್ರ ಬೇಕು. ಯಾರ ಅಟ್ಟದ ಮೇಲಾದರೂ ಇದ್ದರೆ ಹೇಳ್ರಿ. ಎರಡು ರಿಮೋಟ್ ಇರೋದು ಬೇಕು.

#ನಮ್ಮೂರಗೇಮ್ #ಬನಹಟ್ಟಿ #ಮುಧೋಳ #ಜಮಖಂಡಿ #ಬೀಳಗಿ #ಸ್ಟ್ರೀಟ್‌ಫೈಟರ್